ಹಲ್ಲೆಯ ವಿಡಿಯೋ ವೈರಲ್ ಆಯಿತು, ಮುಂದೇನು? ಸಿಟ್ಟನ್ನು ಕೇಸಿನ ತನಕ ತಲುಪಿಸುವ ದಾರಿ

2023ರ ಮೇ 4ರಂದು ಮಣಿಪುರದಲ್ಲಿ ಗುಂಪೊಂದು ಮಹಿಳೆಯರನ್ನು ಬೆತ್ತಲೆ ಮಾಡಿ ನಡೆಸಿತು. ಮೇ 18ರಂದು ಠಾಣೆಯಲ್ಲಿ ಎಫ್‌ಐಆರ್ ದಾಖಲಾಯಿತು. ಆಮೇಲೆ ಎರಡು ತಿಂಗಳು ಒಬ್ಬರನ್ನೂ ಬಂಧಿಸಲಿಲ್ಲ. ಜುಲೈ 19ರಂದು ಘಟನೆಯ ವಿಡಿಯೋ ಹೊರಗೆ ಬಂತು. ಮಾರನೇ ದಿನವೇ ಮೊದಲ ಬಂಧನ ಆಯಿತು. ಅದೇ ದಿನ ಸುಪ್ರೀಂ ಕೋರ್ಟ್ ಕೂಡ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು.

ವಿಡಿಯೋಗೆ ಎಷ್ಟು ಶಕ್ತಿ ಇದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಆದರೆ ಇದರಲ್ಲೇ ಇನ್ನೊಂದು ವಿಷಯವೂ ಇದೆ. ಮೇ 18ರ ಆ ಎಫ್‌ಐಆರ್ ಇದ್ದದ್ದರಿಂದಲೇ ಜುಲೈನಲ್ಲಿ ಜನ ‘ಇಷ್ಟು ದಿನ ಏನು ಮಾಡುತ್ತಿದ್ದಿರಿ?’ ಎಂದು ದಿನಾಂಕ ಹಿಡಿದು ಕೇಳಲು ಆಯಿತು. ಬರೀ ವಿಡಿಯೋ ಇದ್ದಿದ್ದರೆ ‘ಈಗಷ್ಟೇ ಗಮನಕ್ಕೆ ಬಂದಿದೆ, ಕ್ರಮ ಕೈಗೊಳ್ಳುತ್ತೇವೆ’ ಎಂದು ಸುಲಭವಾಗಿ ಹೇಳಿಬಿಡುತ್ತಿದ್ದರು.

ಜನರ ಸಿಟ್ಟು ಒಂದು ವಾರ ಇರುತ್ತದೆ. ಕೇಸು ವರ್ಷಗಟ್ಟಲೆ ನಡೆಯುತ್ತದೆ. ಆ ವಾರದ ಸಿಟ್ಟನ್ನು ಕಾಗದದ ಮೇಲೆ ಹೇಗೆ ಇಳಿಸುವುದು, ಆಮೇಲೆ ಆ ಕಾಗದದ ಹಿಂದೆ ಹೇಗೆ ಬೀಳುವುದು ಅನ್ನುವುದೇ ಈ ಲೇಖನ. ಕಾನೂನಿನ ಮಾತು ಬಂದಾಗ ಭಾರತದ ಕಾನೂನನ್ನೇ ಹೇಳಿದ್ದೇನೆ. ಉಳಿದದ್ದು ಎಲ್ಲಿದ್ದವರಿಗೂ ಒಂದೇ.

ಹೆಜ್ಜೆ 1: ಹಲ್ಲೆ ಈಗಲೂ ನಡೆಯುತ್ತಿದೆಯಾ?

ಫಾರ್ವರ್ಡ್ ಮಾಡುವ ಮೊದಲು ಇದನ್ನು ಕೇಳಿಕೊಳ್ಳಿ. ಲೈವ್ ಆಗಿದ್ದರೆ, ಅಥವಾ ಪೆಟ್ಟು ತಿಂದವರು ಇನ್ನೂ ಅಪಾಯದಲ್ಲಿ ಇರುವಂತೆ ಕಂಡರೆ, ತಕ್ಷಣ 112ಕ್ಕೆ ಫೋನ್ ಮಾಡಿ. ಮಕ್ಕಳ ವಿಷಯವಾದರೆ 1098, ಮಹಿಳೆಯರಿಗೆ 181 ಕೂಡ ಇದೆ. ‘ಇಷ್ಟು ಜನ ನೋಡಿದ್ದಾರೆ, ಯಾರಾದರೂ ಹೇಳಿರ್ತಾರೆ’ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಕೊನೆಗೆ ಯಾರೂ ಹೇಳಿರುವುದಿಲ್ಲ. ಎರಡು ಸಲ ಕರೆ ಹೋದರೆ ನಷ್ಟವೇನಿಲ್ಲ.

ಹೆಜ್ಜೆ 2: ಯಾವಾಗಿನದು, ಎಲ್ಲಿಯದು, ಪೂರ್ತಿ ಇದೆಯಾ?

2018ರಲ್ಲಿ ಭಾರತದಲ್ಲಿ ಮಕ್ಕಳ ಕಳ್ಳರ ವದಂತಿ ಹರಡಿ ಹಲವು ಅಮಾಯಕರನ್ನು ಗುಂಪುಗಳು ಹೊಡೆದು ಕೊಂದವು. ಆಗ ಮೊಬೈಲಿನಿಂದ ಮೊಬೈಲಿಗೆ ಓಡಾಡಿದ ವಿಡಿಯೋಗಳಲ್ಲಿ ಒಂದರಲ್ಲಿ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಇತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ, ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸುವ ಜಾಹೀರಾತು. ಕೊನೆಯಲ್ಲಿ ಮಗುವನ್ನು ವಾಪಸ್ ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಅಷ್ಟೇ ಸಾಕಾಯಿತು. ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ತಂದದ್ದು ಇದೇ ಸಾವುಗಳ ನಂತರ.

ಹಾಗಾಗಿ ಹತ್ತು ನಿಮಿಷ ಖರ್ಚು ಮಾಡಿ. ವಿಡಿಯೋವನ್ನು ಮೂರ್ನಾಲ್ಕು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಆ ಚಿತ್ರಗಳನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಅಲ್ಲಿ ಸಿಗದಿದ್ದರೆ ಯಾಂಡೆಕ್ಸ್‌ನಲ್ಲಿ ನೋಡಿ. ಕಂಪ್ಯೂಟರ್ ಬಳಸುವವರಿಗೆ ಇನ್‌ವಿಡ್ ಎಂಬ ಉಚಿತ ಬ್ರೌಸರ್ ಉಪಕರಣ ಇದೆ. ಅದು ವಿಡಿಯೋದಿಂದ ತಾನೇ ಚಿತ್ರಗಳನ್ನು ತೆಗೆದು ಹುಡುಕಿ ಕೊಡುತ್ತದೆ. ಅದೇ ದೃಶ್ಯ ಮೂರು ವರ್ಷದ ಹಿಂದೆ ಬೇರೆ ದೇಶದ ಹೆಸರಿನಲ್ಲಿ ಓಡಾಡಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಆಮೇಲೆ ಸದ್ದು ಆಫ್ ಮಾಡಿ ಒಮ್ಮೆ, ಆನ್ ಮಾಡಿ ಒಮ್ಮೆ ನೋಡಿ. ಅಂಗಡಿ ಬೋರ್ಡು ಯಾವ ಭಾಷೆಯಲ್ಲಿದೆ? ವಾಹನದ ನಂಬರ್ ಪ್ಲೇಟ್ ಎಲ್ಲಿಯದು? ಜನ ಯಾವ ಭಾಷೆ ಆಡುತ್ತಿದ್ದಾರೆ? ತುಟಿಗೂ ಮಾತಿಗೂ ಹೊಂದುತ್ತಾ? ಕೃತಕ ಬುದ್ಧಿಮತ್ತೆಯಿಂದ ಮಾಡಿದ ದೃಶ್ಯವಾಗಿದ್ದರೆ ಬೋರ್ಡಿನ ಅಕ್ಷರಗಳು, ಗುಂಪಿನ ಹಿಂದೆ ನಿಂತವರ ಮುಖ ಮತ್ತು ಕೈಗಳಲ್ಲಿ ಹೆಚ್ಚಾಗಿ ಎಡವಟ್ಟು ಕಾಣುತ್ತದೆ. ಆದರೆ ಈ ಗುರುತುಗಳು ದಿನದಿಂದ ದಿನಕ್ಕೆ ಕಡಿಮೆ ಆಗುತ್ತಿವೆ. ಬರೀ ಕಣ್ಣನ್ನು ನಂಬಬೇಡಿ. ಮೊದಲು ಹಾಕಿದವರು ಯಾರು ಅನ್ನುವುದನ್ನು ಹುಡುಕುವುದೇ ಗಟ್ಟಿ ದಾರಿ.

ಕೊನೆಯ ಪ್ರಶ್ನೆ: ಎಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ? ಮಧ್ಯದಲ್ಲಿ ಶುರುವಾಗಿ ಮಧ್ಯದಲ್ಲೇ ನಿಲ್ಲುವ 18 ಸೆಕೆಂಡಿನ ತುಣುಕು ಹೊಡೆತವನ್ನು ತೋರಿಸುತ್ತದೆ. ಯಾರು ಯಾರ ಮೇಲೆ ಮೊದಲು ಕೈ ಎತ್ತಿದರು ಅನ್ನುವುದನ್ನು ತೋರಿಸದೇ ಇರಬಹುದು. ಹೊಡೆದದ್ದು ಸರಿ ಎಂದು ಇದರ ಅರ್ಥ ಅಲ್ಲ. ನೀವು ಬರೆಯುವಾಗ ಕಂಡದ್ದನ್ನಷ್ಟೇ ಬರೆಯಿರಿ, ಕಾಣದ್ದನ್ನು ಸೇರಿಸಬೇಡಿ ಎಂದು ಮಾತ್ರ.

ಹೆಜ್ಜೆ 3: ‘ಇವನು ಯಾರು ಹುಡುಕಿ’ ಆಟಕ್ಕೆ ಇಳಿಯಬೇಡಿ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಳ್ಳೆಯ ಮನಸ್ಸಿನವರೇ ಹೆಚ್ಚು ಹಾನಿ ಮಾಡುವುದು ಇಲ್ಲಿ.

2020ರ ಜೂನ್ 1ರಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾದಲ್ಲಿ, ಸೈಕಲ್ ಹಾದಿಯೊಂದರಲ್ಲಿ ಪೋಸ್ಟರ್ ಅಂಟಿಸುತ್ತಿದ್ದ ಯುವಕ ಯುವತಿಯರ ಮೇಲೆ ಸೈಕಲ್ ಸವಾರನೊಬ್ಬ ಎರಗಿದ. ವಿಡಿಯೋ ವೈರಲ್ ಆಯಿತು. ಪೊಲೀಸರು ಸವಾರನ ಸುಳಿವು ಕೊಡಿ ಎಂದು ಜನರನ್ನು ಕೇಳಿದರು. ಆದರೆ ಮೊದಲ ಪ್ರಕಟಣೆಯಲ್ಲಿ ಘಟನೆಯ ದಿನಾಂಕ ತಪ್ಪಾಗಿತ್ತು. ಜನ ಸೈಕಲ್ ಸವಾರಿ ದಾಖಲಿಸುವ ಆ್ಯಪ್‌ನಲ್ಲಿ ಆ ತಪ್ಪು ದಿನ ಅದೇ ಹಾದಿಯಲ್ಲಿ ಹೋದವರನ್ನು ಹುಡುಕಿದರು. ಒಬ್ಬರು ಸಿಕ್ಕರು. ನೋಡಲೂ ಸ್ವಲ್ಪ ಹಾಗೇ ಇದ್ದರು. ಮುಗಿಯಿತು ಕತೆ. ಅವರ ಹೆಸರು, ಮನೆ ವಿಳಾಸ ಎಲ್ಲ ಹರಿದಾಡಿತು, ಬೆದರಿಕೆ ಸಂದೇಶಗಳ ಮಳೆ ಸುರಿಯಿತು. ಸಂಬಂಧವೇ ಇಲ್ಲದ ಇನ್ನೊಬ್ಬರು, ಮಾಜಿ ಪೊಲೀಸ್ ಅಧಿಕಾರಿ, ಅವರ ಹೆಸರೂ ತೇಲಿ ಬಂತು. ಜೂನ್ 5ರಂದು ಪೊಲೀಸರು ಬಂಧಿಸಿದ ವ್ಯಕ್ತಿ ಮೂರನೆಯವನು.

ಗಮನಿಸಿ, ಇಲ್ಲಿ ಜನ ಸುಮ್ನೆ ಊಹೆ ಮಾಡಲಿಲ್ಲ. ಅವರ ಹತ್ತಿರ ಡೇಟಾ ಇತ್ತು, ಮುಖದ ಹೋಲಿಕೆ ಇತ್ತು, ಸ್ಥಳ ಇತ್ತು. ಇಲ್ಲದ್ದು ಒಂದೇ: ಸರಿಯಾದ ದಿನಾಂಕ. ಪೊಲೀಸರು ದಿನಾಂಕ ತಿದ್ದಿದರು. ಆದರೆ ತಿದ್ದುಪಡಿ ಅಷ್ಟು ವೇಗವಾಗಿ ಓಡಲಿಲ್ಲ. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರವೂ ಹೀಗೇ ಆಗಿತ್ತು. ಕಾಣೆಯಾಗಿದ್ದ ವಿದ್ಯಾರ್ಥಿಯೊಬ್ಬನನ್ನೇ ಆರೋಪಿ ಎಂದು ಜನ ತೀರ್ಮಾನಿಸಿದರು. ಮಗನನ್ನು ಹುಡುಕುತ್ತಿದ್ದ ಕುಟುಂಬದ ಮೇಲೆ ನಿಂದನೆ ಸುರಿಯಿತು. ಆಮೇಲೆ ಆ ಹುಡುಗನ ಶವ ಸಿಕ್ಕಿತು. ಅವನಿಗೂ ಸ್ಫೋಟಕ್ಕೂ ಏನೇನೂ ಸಂಬಂಧ ಇರಲಿಲ್ಲ.

ಹಾಗಾದರೆ ನಿಮಗೆ ಹೊಡೆದವರ ಗುರುತು ನಿಜವಾಗಿಯೂ ಗೊತ್ತಿದ್ದರೆ? ಪೊಲೀಸರಿಗೆ ಹೇಳಿ. ಬರಹದಲ್ಲಿ ಹೇಳಿ. ಹೇಗೆ ಗೊತ್ತು ಅನ್ನುವುದನ್ನೂ ಸೇರಿಸಿ: ಪಕ್ಕದ ಮನೆಯವರೋ, ಜೊತೆಯಲ್ಲಿ ಕೆಲಸ ಮಾಡಿದವರೋ, ಅಥವಾ ಬರೀ ಫೋಟೋ ನೋಡಿ ಅನಿಸಿದ್ದೋ. ಈ ಮೂರಕ್ಕೆ ತನಿಖೆಯಲ್ಲಿ ಬೇರೆ ಬೇರೆ ಬೆಲೆ ಇದೆ. ಕಾಮೆಂಟಿನಲ್ಲಿ ಹೆಸರು ಹಾಕುವುದರಿಂದ ತನಿಖೆಗೂ ತೊಂದರೆ. ಸಾಕ್ಷಿಗಳು ಮೊದಲೇ ಆರೋಪಿಯ ಫೋಟೋ ಎಲ್ಲೆಡೆ ನೋಡಿದ್ದರೆ, ಗುರುತಿಸುವ ಪರೇಡ್‌ನ (ಹಲವರ ನಡುವೆ ಆರೋಪಿಯನ್ನು ನಿಲ್ಲಿಸಿ ಸಾಕ್ಷಿಯಿಂದ ಗುರುತು ಹಿಡಿಸುವುದು) ಮೌಲ್ಯ ಕುಸಿಯುತ್ತದೆ. ‘ಫೇಸ್‌ಬುಕ್‌ನಲ್ಲಿ ನೋಡಿ ಗುರುತಿಸಿದಿರಿ, ಅಲ್ವಾ?’ ಎಂದು ಆರೋಪಿಯ ವಕೀಲರು ಕೇಳಿಯೇ ಕೇಳುತ್ತಾರೆ.

ಹೆಜ್ಜೆ 4: ಪೆಟ್ಟು ತಿಂದವರ ಮುಖ ಯಾರ ಸ್ವತ್ತು?

ಹೊಡೆತ ಒಮ್ಮೆ ಬಿತ್ತು. ವಿಡಿಯೋ ಅದನ್ನು ದಿನಾ ಹೊಡೆಯುತ್ತದೆ. ಹಂಚುವ ಮೊದಲು ಅವರನ್ನೋ ಅವರ ಮನೆಯವರನ್ನೋ ಕೇಳಲು ಸಾಧ್ಯವೇ ನೋಡಿ. ಕೇಳಲು ಆಗದಿದ್ದರೆ ಹಂಚಬೇಡಿ, ಏನಾಯಿತು ಎಂದು ಮಾತಿನಲ್ಲಿ ಬರೆಯಿರಿ. ‘ಇಂಥ ದಿನ, ಇಂಥ ಕಡೆ, ಮೂವರು ಸೇರಿ ಒಬ್ಬರನ್ನು ಥಳಿಸಿದ ವಿಡಿಯೋ ಇದೆ, ಈವರೆಗೆ ಎಫ್‌ಐಆರ್ ಆಗಿಲ್ಲ.’ ಈ ಒಂದು ಸಾಲು ಸಾಕು.

ಲೈಂಗಿಕ ದೌರ್ಜನ್ಯ ಅಥವಾ ಮಕ್ಕಳ ವಿಷಯ ಬಂದರೆ ಆಯ್ಕೆಯೇ ಇಲ್ಲ, ಕಾನೂನು ಅಡ್ಡ ನಿಂತಿದೆ. ಅತ್ಯಾಚಾರ ಸಂತ್ರಸ್ತರ ಗುರುತು ಬಯಲು ಮಾಡಿದರೆ, ಹಳೆಯ ಐಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72ರ ಪ್ರಕಾರ ಎರಡು ವರ್ಷದವರೆಗೆ ಜೈಲು. ಪೋಕ್ಸೊ ಕಾಯ್ದೆಯ ಸೆಕ್ಷನ್ 23 ಮತ್ತು ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74 ಮಕ್ಕಳ ಗುರುತನ್ನು ಕಾಪಾಡುತ್ತವೆ. ಬಾಲನ್ಯಾಯ ಕಾಯ್ದೆಯ ರಕ್ಷಣೆ ತಪ್ಪು ಮಾಡಿದ ಮಗುವಿಗೂ ಇದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಶಾಲಾ ಹುಡುಗರ ಹೊಡೆದಾಟದ ವಿಡಿಯೋದಲ್ಲಿ ಹೊಡೆದ ಹುಡುಗನ ಮುಖವನ್ನೂ ಹಾಕುವಂತಿಲ್ಲ. ಮಕ್ಕಳ ಲೈಂಗಿಕ ದೃಶ್ಯ ಇದ್ದರೆ ಅದನ್ನು ಇಳಿಸಿಕೊಳ್ಳುವುದೂ ಹಂಚುವುದೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 67ಬಿ ಅಡಿ ಅಪರಾಧ, ‘ಸಾಕ್ಷ್ಯಕ್ಕೆ ಇಟ್ಟುಕೊಂಡೆ’ ಎಂದರೂ ಕಷ್ಟ. ಲಿಂಕ್ ಮಾತ್ರ ಬರೆದುಕೊಂಡು ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ.

ಮಸುಕು ಮಾಡುವುದಾದರೆ ಸರಿಯಾಗಿ ಮಾಡಿ. ಮುಖದ ಮೇಲೆ ಎಮೋಜಿ ಅಂಟಿಸಿ, ಸಮವಸ್ತ್ರ, ಮನೆಯ ಬಾಗಿಲು, ಬೈಕ್ ನಂಬರ್, ದನಿ ಎಲ್ಲವನ್ನೂ ಹಾಗೇ ಬಿಟ್ಟರೆ ಪರಿಚಯದವರಿಗೆ ಗುರುತು ಸಿಗಲು ಎರಡು ನಿಮಿಷ ಬೇಡ.

ಹೆಜ್ಜೆ 5: ಚಿತ್ರೀಕರಿಸಿದವರು ನೀವೇ ಆಗಿದ್ದರೆ

ನಿಮ್ಮ ಫೋನಿನಲ್ಲಿರುವ ಮೂಲ ಫೈಲ್ ಚಿನ್ನ. ಅದನ್ನು ಕತ್ತರಿಸಬೇಡಿ, ಅದರ ಮೇಲೆ ಬರೆಯಬೇಡಿ, ಹೆಸರು ಕೂಡ ಬದಲಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಯಾವಾಗ ಎಲ್ಲಿ ತೆಗೆದದ್ದು ಅನ್ನುವ ಒಳಗಿನ ಮಾಹಿತಿಯೂ ಉದುರಿ ಹೋಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಒಂದು ಕ್ಲೌಡ್‌ನಲ್ಲಿ ಇರಲಿ. ‘ಜಾಗ ಸಾಲುತ್ತಿಲ್ಲ’ ಎಂದು ಫೋನ್ ಹೇಳಿದಾಗ ಮೂಲವನ್ನೇ ಅಳಿಸಿಬಿಟ್ಟ ಕತೆಗಳು ಬೇಕಾದಷ್ಟಿವೆ.

ಪೂರ್ತಿ ವಿಡಿಯೋ ಯಾಕೆ ಮುಖ್ಯ ಅನ್ನುವುದಕ್ಕೆ 1991ರ ಲಾಸ್ ಏಂಜಲೀಸ್ ನೋಡಿ. ಮಾರ್ಚ್ 3ರ ರಾತ್ರಿ ಪೊಲೀಸರು ರಾಡ್ನಿ ಕಿಂಗ್ ಅವರನ್ನು ಥಳಿಸಿದ್ದನ್ನು ಒಬ್ಬರು ತಮ್ಮ ಬಾಲ್ಕನಿಯಿಂದ ವಿಡಿಯೋ ಮಾಡಿ ಸ್ಥಳೀಯ ಟಿವಿ ವಾಹಿನಿಗೆ ಕೊಟ್ಟರು. ಜಗತ್ತೇ ನೋಡಿತು. ಇಷ್ಟು ಸ್ಪಷ್ಟ ವಿಡಿಯೋ ಇದೆ, ಇನ್ನೇನು ಬೇಕು ಎಂದೇ ಎಲ್ಲರೂ ಅಂದುಕೊಂಡರು. ಆದರೆ ಟಿವಿಯಲ್ಲಿ ಹೆಚ್ಚಾಗಿ ತೋರಿಸದಿದ್ದ ಆರಂಭದ ಕೆಲವು ಸೆಕೆಂಡುಗಳನ್ನು ಪ್ರತಿವಾದಿ ವಕೀಲರು ಚೆನ್ನಾಗಿ ಬಳಸಿದರು. ಉಳಿದದ್ದನ್ನು ಒಂದೊಂದೇ ಚೌಕಟ್ಟಾಗಿ ನಿಲ್ಲಿಸಿ, ಪ್ರತಿ ಏಟಿಗೂ ಒಂದು ವಿವರಣೆ ಕೊಟ್ಟರು. 1992ರ ಏಪ್ರಿಲ್ 29ರಂದು ಆ ಪೊಲೀಸರು ಹಲ್ಲೆಯ ಆರೋಪದಿಂದ ಬಿಡುಗಡೆ ಆದರು. ಊರು ಹೊತ್ತಿ ಉರಿಯಿತು, 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಫೆಡರಲ್ ಕೇಸಿನಲ್ಲಿ ಇಬ್ಬರಿಗೆ ಶಿಕ್ಷೆ ಆಯಿತು. ವಿಡಿಯೋ ತಾನಾಗಿಯೇ ಏನನ್ನೂ ಸಾಬೀತು ಮಾಡುವುದಿಲ್ಲ. ಅದರ ಪಕ್ಕ ನಿಂತು ಮಾತಾಡುವ ಸಾಕ್ಷಿ ಬೇಕು, ವೈದ್ಯರ ವರದಿ ಬೇಕು.

2020ರ ಮಿನಿಯಾಪೊಲಿಸ್‌ನಲ್ಲಿ ಅದು ಇತ್ತು. ಮೇ 25ರಂದು ಜಾರ್ಜ್ ಫ್ಲಾಯ್ಡ್ ಸತ್ತಾಗ ಪೊಲೀಸರ ಮೊದಲ ಪ್ರಕಟಣೆ ಅದನ್ನು ವೈದ್ಯಕೀಯ ತೊಂದರೆ ಎಂದಿತ್ತು. 17 ವರ್ಷದ ಹುಡುಗಿ ಡಾರ್ನೆಲ್ಲಾ ಫ್ರೇಜಿಯರ್ ನಿಲ್ಲಿಸದೆ ತೆಗೆದ ವಿಡಿಯೋ ಆ ಮಾತನ್ನು ಸುಳ್ಳು ಮಾಡಿತು. ಅವಳು ವಿಡಿಯೋ ಹಾಕಿ ಸುಮ್ಮನಾಗಲಿಲ್ಲ, ಕೋರ್ಟಿಗೆ ಬಂದು ಸಾಕ್ಷಿ ಹೇಳಿದಳು. 2021ರ ಏಪ್ರಿಲ್ 20ರಂದು, ಫ್ಲಾಯ್ಡ್ ಕುತ್ತಿಗೆಯನ್ನು ಮೊಣಕಾಲಿನಿಂದ ಒತ್ತಿ ಹಿಡಿದಿದ್ದ ಪೊಲೀಸ್ ಅಧಿಕಾರಿ ಡೆರೆಕ್ ಶೋವಿನ್ ತಪ್ಪಿತಸ್ಥ ಎಂದು ತೀರ್ಪು ಬಂತು.

ಆದ್ದರಿಂದ ಅದೇ ದಿನ ಕೂತು ಬರೆದಿಡಿ. ಎಷ್ಟು ಗಂಟೆ, ನೀವು ಎಲ್ಲಿ ನಿಂತಿದ್ದಿರಿ, ವಿಡಿಯೋ ಶುರುವಾಗುವ ಮೊದಲು ಏನು ನೋಡಿದಿರಿ, ಯಾರು ಯಾವ ಮಾತು ಆಡಿದರು. ಕೋರ್ಟಿನಲ್ಲಿ ನಿಮ್ಮನ್ನು ಕರೆಯುವ ಹೊತ್ತಿಗೆ ಎರಡು ಮೂರು ವರ್ಷ ಆಗಿರಬಹುದು.

ಭಾರತದಲ್ಲಿ ವಿಡಿಯೋದ ಪ್ರತಿಯನ್ನು ಸಾಕ್ಷ್ಯವಾಗಿ ಕೊಡಲು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಯಾವ ಫೋನ್, ಫೈಲಿನ ಹ್ಯಾಶ್ ಸಂಖ್ಯೆ ಏನು ಅನ್ನುವುದನ್ನೆಲ್ಲ ಅದರಲ್ಲಿ ತುಂಬಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದಂತೆ. ಒಂದು ಚುಕ್ಕೆ ಬದಲಾದರೂ ಅದು ಬದಲಾಗುತ್ತದೆ. ಪೊಲೀಸರು ಫೋನನ್ನೇ ವಶಕ್ಕೆ ತೆಗೆದುಕೊಂಡರೆ ಮಹಜರಿನ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ಫೋನಿನ ಐಎಂಇಐ ಸಂಖ್ಯೆ ಇರಲಿ.

ಅಕ್ಕಪಕ್ಕದ ಸಿಸಿಟಿವಿ ಇನ್ನೊಂದು ತುರ್ತು ಕೆಲಸ. ಖಾಸಗಿ ಕ್ಯಾಮೆರಾಗಳು ಕೆಲವೇ ದಿನ ಅಥವಾ ವಾರಗಳಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತವೆ. ‘ಇಂಥ ದಿನ, ಇಷ್ಟರಿಂದ ಇಷ್ಟು ಗಂಟೆಯ ದೃಶ್ಯ ಉಳಿಸಿಡಿ’ ಎಂದು ಮಾಲೀಕರಿಗೆ ಬರಹದಲ್ಲಿ ಕೇಳಿ, ಅದರ ಪ್ರತಿಯನ್ನು ತನಿಖಾಧಿಕಾರಿಗೂ ಕೊಡಿ. ಆನ್‌ಲೈನ್‌ನಲ್ಲಿ ವಿಡಿಯೋ ಮೊದಲು ಕಂಡ ಪೋಸ್ಟ್‌ನ ಲಿಂಕ್, ಖಾತೆಯ ಹೆಸರು, ಸಮಯ ಕೂಡ ಬರೆದುಕೊಳ್ಳಿ. ಅಂಥ ಪೋಸ್ಟ್‌ಗಳು ಮಾಯ ಆಗುವುದು ಬಹಳ ಬೇಗ.

ಹೆಜ್ಜೆ 6: ಮೊದಲು ಆಸ್ಪತ್ರೆ, ಆಮೇಲೆ ಠಾಣೆ

ಈ ಭಾಗ ಪೆಟ್ಟು ತಿಂದವರಿಗೆ ಮತ್ತು ಅವರ ಜೊತೆ ಹೋಗುವವರಿಗೆ.

ಆಸ್ಪತ್ರೆಯಲ್ಲಿ ‘ಬಿದ್ದೆ’ ಎನ್ನಬೇಡಿ. ಹಲ್ಲೆ ಆಗಿದೆ ಎಂದು ಹೇಳಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯ ಎಂದು ಆಸ್ಪತ್ರೆ ಮಾಡುವ ದಾಖಲೆ) ಮಾಡಿಸಿ. ಮುಂದೆ ಗಾಯದ ಪ್ರಮಾಣಪತ್ರ ಬರುವುದು ಇದರ ಮೇಲೆ. ಇದು ಯಾಕೆ ಇಷ್ಟು ಮುಖ್ಯ? ಸಾಮಾನ್ಯ ಗಾಯ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 115ರಲ್ಲಿ ಬರುತ್ತದೆ, ಅದು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎನ್‌ಸಿಆರ್, ಅಂದರೆ ಅಸಂಜ್ಞೇಯ ದೂರಿನ ವರದಿ, ಬರೆದು ಕಳಿಸುತ್ತಾರೆ. ವೈರಲ್ ಆದ ಎಷ್ಟೋ ಹಲ್ಲೆಗಳು ಸದ್ದಿಲ್ಲದೆ ಸಾಯುವುದು ಈ ಒಂದು ಹಾಳೆಯಲ್ಲಿ. ಮೂಳೆ ಅಥವಾ ಹಲ್ಲು ಮುರಿದಿದ್ದರೆ ಅದು ತೀವ್ರ ಗಾಯ, ಸೆಕ್ಷನ್ 117, ಏಳು ವರ್ಷದವರೆಗೆ ಶಿಕ್ಷೆ. ಅಪಾಯಕಾರಿ ಆಯುಧ ಬಳಸಿದ್ದರೆ ಸೆಕ್ಷನ್ 118. ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ಹುಟ್ಟಿದ ಸ್ಥಳದಂಥ ಕಾರಣಕ್ಕೆ ತೀವ್ರವಾಗಿ ಗಾಯಗೊಳಿಸಿದ್ದರೆ 117ರಲ್ಲೇ ಪ್ರತ್ಯೇಕ ಉಪವಿಧಿ ಇದೆ. ಪರಿಶಿಷ್ಟ ಜಾತಿ ಅಥವಾ ಪಂಗಡದವರ ಮೇಲಿನ ಹಲ್ಲೆಯಾದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಬರುತ್ತದೆ. ಹಲ್ಲು ಅಲ್ಲಾಡುತ್ತಿದೆ, ಬೆರಳು ಊದಿದೆ ಅನ್ನುವ ‘ಸಣ್ಣ’ ವಿಷಯಕ್ಕೂ ಎಕ್ಸ್‌ರೇ ಕೇಳುವುದು ಈ ಕಾರಣಕ್ಕೆ.

ಸಂಜ್ಞೇಯ ಅಪರಾಧ, ಅಂದರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದ ಅಪರಾಧ, ಇದ್ದರೆ ಎಫ್‌ಐಆರ್ ದಾಖಲಿಸಲೇಬೇಕು. 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದನ್ನೇ ಝೀರೋ ಎಫ್‌ಐಆರ್ ಅನ್ನುವುದು. ಎಲೆಕ್ಟ್ರಾನಿಕ್ ದಾರಿಯಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ ಮೇಲಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶ ಇದೆ. ‘ನಾಳೆ ಬನ್ನಿ’ ಎಂದು ದಿನ ದೂಡುವುದನ್ನು ಕಾನೂನು ಎಲ್ಲೂ ಹೇಳಿಲ್ಲ.

ದೂರು ತೆಗೆದುಕೊಳ್ಳಲು ಒಪ್ಪದಿದ್ದರೆ, ಯಾಕೆ ಅನ್ನುವುದನ್ನು ಬರೆದುಕೊಡುವ ಹಿಂಬರಹ ಕೇಳಿ. ಅದನ್ನೂ ಕೊಡದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಅರ್ಜಿ. ವಕೀಲರಿಗೆ ದುಡ್ಡಿಲ್ಲ ಎಂದು ಬಿಡಬೇಡಿ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಇದೆ.

ಹೊಡೆದವರು ಪೊಲೀಸರೇ ಆಗಿದ್ದರೆ ಅದೇ ಠಾಣೆಯ ಮುಂದೆ ನಿಲ್ಲುವುದು ವ್ಯರ್ಥ. ನೇರ ಎಸ್‌ಪಿಗೆ ಬರೆಯಿರಿ, ಮಾನವ ಹಕ್ಕುಗಳ ಆಯೋಗಕ್ಕೆ ಒಂದು ವರ್ಷದೊಳಗೆ ದೂರು ಕೊಡಿ. ಘಟನೆ ಠಾಣೆಯೊಳಗೇ ನಡೆದಿದ್ದರೆ ಅಲ್ಲಿನ ಸಿಸಿಟಿವಿ ದೃಶ್ಯ ಬೇಕೆಂದು ಬರಹದಲ್ಲಿ ಕೇಳಿ. ಠಾಣೆಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು, ಅದು ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಿಡಬೇಕು ಎಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ.

ಹೆಜ್ಜೆ 7: ಒತ್ತಡ ಹೇರಿ, ಆದರೆ ಗುರಿಯಿಟ್ಟು

‘ನ್ಯಾಯ ಬೇಕು’ ಎಂಬ ಹ್ಯಾಶ್‌ಟ್ಯಾಗ್‌ಗೆ ಯಾವ ಅಧಿಕಾರಿಯೂ ಉತ್ತರ ಕೊಡಬೇಕಾಗಿಲ್ಲ. ‘ಎಫ್‌ಐಆರ್ ಸಂಖ್ಯೆ ಎಷ್ಟು? ಯಾವ ಸೆಕ್ಷನ್? ಗಾಯದ ಪ್ರಮಾಣಪತ್ರ ಬಂದಿದೆಯಾ? ತನಿಖಾಧಿಕಾರಿ ಯಾರು?’ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡದೇ ಇರುವುದು ಕಷ್ಟ. ನೂರು ಜನ ನೂರು ಬೈಗುಳ ಬರೆಯುವ ಬದಲು ಈ ನಾಲ್ಕನ್ನೇ ಕೇಳಲಿ.

ಹೊಡೆದವರು ಪೊಲೀಸರೋ ಸರ್ಕಾರಿ ನೌಕರರೋ ಆಗಿದ್ದರೆ, ‘ಸಸ್ಪೆಂಡ್ ಮಾಡಲಾಗಿದೆ’ ಎಂಬ ಸುದ್ದಿ ಬಂದ ಕೂಡಲೇ ಜನ ತಣ್ಣಗಾಗುತ್ತಾರೆ. ಇದು ನನಗೆ ಯಾವಾಗಲೂ ಕಿರಿಕಿರಿ ತರುವ ವಿಷಯ. ಅಮಾನತು ಶಿಕ್ಷೆಯೇ ಅಲ್ಲ. ವಿಚಾರಣೆ ಮುಗಿಯುವ ತನಕ ಕೆಲಸದಿಂದ ದೂರ ಇಡುವುದು ಅಷ್ಟೇ, ಜೀವನಾಧಾರ ಭತ್ಯೆ ಬರುತ್ತಲೇ ಇರುತ್ತದೆ. ಇಲಾಖಾ ವಿಚಾರಣೆ ಶುರುವಾಯಿತಾ, ಆರೋಪಪತ್ರ ಕೊಟ್ಟರಾ, ಅಮಾನತು ಯಾವಾಗ ತೆರವಾಯಿತು ಎಂದು ಕೇಳಿ. ಸದ್ದಿಲ್ಲದೆ ವಾಪಸ್ ಬಂದಿರುತ್ತಾರೆ, ಆಗ ಕ್ಯಾಮೆರಾ ಇರುವುದಿಲ್ಲ. ಖಾಸಗಿ ಕಂಪನಿಗೆ ಫೋನ್ ಮೇಲೆ ಫೋನ್ ಮಾಡಿ ಒಬ್ಬರನ್ನು ಕೆಲಸದಿಂದ ತೆಗೆಸುವುದನ್ನು ನಾನು ಹೊಣೆಗಾರಿಕೆ ಎನ್ನಲಾರೆ. ಹಲ್ಲೆಗೂ ಆ ಕೆಲಸಕ್ಕೂ ಸಂಬಂಧ ಇದ್ದರೆ, ಉದಾಹರಣೆಗೆ ಭದ್ರತಾ ಸಿಬ್ಬಂದಿಯೇ ಹೊಡೆದಿದ್ದರೆ, ಮಾತು ಬೇರೆ.

ಆರೋಪಿಯ ಮನೆ ಮುಂದೆ ಹೋಗುವುದು, ಹೆಂಡತಿ ಮಕ್ಕಳ ಖಾತೆಗೆ ಬೆದರಿಕೆ ಹಾಕುವುದು, ಅವರ ಜಾತಿ ಧರ್ಮ ಹಿಡಿದು ಬೈಯುವುದು ಬೇಡ. ಬೆದರಿಕೆ ಸ್ವತಃ ಅಪರಾಧ. ಆಗ ಕೇಸು ಎರಡಾಗುತ್ತದೆ, ಎರಡನೆಯದರಲ್ಲಿ ಆರೋಪಿ ನೀವು. ‘ಮನೆ ಮೇಲೆ ಬುಲ್ಡೋಜರ್ ಹತ್ತಿಸಿ’ ಎಂಬ ಕೂಗೂ ಹೀಗೇ. ಆರೋಪ ಇದೆ ಎಂಬ ಒಂದೇ ಕಾರಣಕ್ಕೆ ಮನೆ ಕೆಡವುವಂತಿಲ್ಲ, ಕೆಡವಲು ಬೇರೆ ಕಾನೂನುಬದ್ಧ ಕಾರಣ ಇದ್ದರೂ 15 ದಿನದ ನೋಟಿಸ್ ಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿದೆ.

ಹೆಜ್ಜೆ 8: ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ವಿಡಿಯೋ ಮರೆತುಹೋದ ಮೇಲೆ ಶುರುವಾಗುವ ಕೆಲಸ ಇದು. ಇದಕ್ಕೆ ಸಾವಿರ ಜನ ಬೇಡ, ಇಬ್ಬರು ಮೂವರು ಸಾಕು.

ಆರೋಪಿ ಬಂಧನದಲ್ಲಿದ್ದರೆ 60ನೇ ದಿನ ಮತ್ತು 90ನೇ ದಿನ ಬರೆದಿಟ್ಟುಕೊಳ್ಳಿ. ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಕ್ಕೆ 90 ದಿನ, ಉಳಿದವಕ್ಕೆ 60 ದಿನ. ಅಷ್ಟರೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. 45ನೇ ದಿನದ ಹೊತ್ತಿಗೆ ‘ಚಾರ್ಜ್‌ಶೀಟ್ ಎಲ್ಲಿಗೆ ಬಂತು?’ ಎಂದು ಬರಹದಲ್ಲಿ ಕೇಳಿದರೆ ಉಪಯೋಗ ಇದೆ, 95ನೇ ದಿನ ಟ್ವೀಟ್ ಮಾಡಿದರೆ ಇಲ್ಲ. ತನಿಖೆ ಎಲ್ಲಿಗೆ ಬಂದಿದೆ ಎಂದು 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸುವುದು ಪೊಲೀಸರ ಕರ್ತವ್ಯ, ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 193ರಲ್ಲಿ ಹಾಗೇ ಬರೆದಿದೆ.

ಜಾಮೀನು ಸಿಕ್ಕಿತು ಎಂದರೆ ಬಿಡುಗಡೆ ಆಯಿತು ಎಂದಲ್ಲ. ಆದರೆ ಜಾಮೀನು ಅರ್ಜಿ ಬಂದಾಗ ಸಂತ್ರಸ್ತರು ಸುಮ್ಮನೆ ಕೂರಬೇಕಿಲ್ಲ. ಉತ್ತರ ಪ್ರದೇಶದಲ್ಲಿ ರೈತರ ಮೇಲೆ ವಾಹನ ಹರಿಸಿದ ಲಖೀಂಪುರ ಖೇರಿ ಪ್ರಕರಣದಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಸಂತ್ರಸ್ತರ ಮಾತನ್ನೂ ಕೇಳಬೇಕಿತ್ತು ಎಂದು ಹೇಳಿ ಹೈಕೋರ್ಟ್ ಕೊಟ್ಟ ಜಾಮೀನನ್ನು ರದ್ದು ಮಾಡಿತು. ಸರ್ಕಾರ ಕೇಸು ಹಿಂಪಡೆಯಲು ಹೊರಟರೂ ಸಂತ್ರಸ್ತರ ಮಾತು ಕೇಳಬೇಕು ಎಂದು ಅದೇ ಸಂಹಿತೆಯ ಸೆಕ್ಷನ್ 360 ಹೇಳುತ್ತದೆ. ರಾಜಕೀಯದವರು ಇರುವ ಹಲ್ಲೆ ಕೇಸುಗಳಲ್ಲಿ ಇದನ್ನು ನೆನಪಿಡಿ.

ಸಾಕ್ಷಿಗಳ ಮೇಲೆ ಒತ್ತಡ ಬರುವುದು ಈ ಹಂತದಲ್ಲೇ. ‘ಏನೂ ನೋಡಿಲ್ಲ’ ಎಂದು ತಿರುಗಿ ಬೀಳುವವರನ್ನು ಬೈಯುವುದು ಸುಲಭ. ಅವರು ಅದೇ ಬೀದಿಯಲ್ಲಿ ಬದುಕಬೇಕು. 2018ರ ಸಾಕ್ಷಿ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟಿನ ಒಪ್ಪಿಗೆ ಇದೆ, ಜಿಲ್ಲಾ ನ್ಯಾಯಾಧೀಶರು ಇರುವ ಸಮಿತಿಗೆ ಅರ್ಜಿ ಹಾಕಬಹುದು. ಅರ್ಜಿ ಬರೆದುಕೊಡಿ, ವಿಚಾರಣೆಯ ದಿನ ಜೊತೆಗೆ ಹೋಗಿ. ದಿನಾಂಕ ತಿಳಿಯಲು ಕೋರ್ಟು ಪ್ರತಿ ಕೇಸಿಗೆ ಕೊಡುವ ಸಿಎನ್‌ಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ. 16 ಅಕ್ಷರ ಮತ್ತು ಅಂಕಿಗಳ ಈ ಸಂಖ್ಯೆಯನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ದಿನಾಂಕ, ಆದೇಶ ಎಲ್ಲ ಮನೆಯಲ್ಲೇ ಕೂತು ನೋಡಬಹುದು.

ಹೆಜ್ಜೆ 9: ನಿಮ್ಮ ಹಳೆಯ ಪೋಸ್ಟ್‌ಗೆ ವಾಪಸ್ ಹೋಗಿ

ವಿಡಿಯೋ ತಪ್ಪು ಎಂದು ಗೊತ್ತಾದರೆ ಸುಮ್ನೆ ಅಳಿಸಿ ಓಡಬೇಡಿ. ಹಂಚಿದ ಪ್ರತಿ ಗುಂಪಿಗೂ ಹೋಗಿ ‘ಇದು ತಪ್ಪು, ಕಾರಣ ಇದು’ ಎಂದು ಬರೆದು, ಆಮೇಲೆ ಅಳಿಸಿ. ವಿಡಿಯೋ ನಿಜವಾಗಿದ್ದು ಕೇಸು ನಡೆಯುತ್ತಿದ್ದರೆ, ಎಫ್‌ಐಆರ್ ಆದ ದಿನ, ಚಾರ್ಜ್‌ಶೀಟ್ ಬಿದ್ದ ದಿನ, ತೀರ್ಪಿನ ದಿನ ಅದೇ ಪೋಸ್ಟ್‌ನ ಕೆಳಗೆ ಒಂದೊಂದು ಸಾಲು ಸೇರಿಸಿ. ಖುಲಾಸೆ ಆದರೂ ಸೇರಿಸಿ, ಮೇಲ್ಮನವಿ ಹಾಕಿದ್ದಾರಾ ಅನ್ನುವುದನ್ನೂ ಬರೆಯಿರಿ. ಸಂತ್ರಸ್ತರು ‘ಸಾಕು, ತೆಗೆಯಿರಿ’ ಎಂದರೆ ಯಾವ ಹಂತದಲ್ಲಾದರೂ ವಿಡಿಯೋ ತೆಗೆದು ಬರಹವನ್ನಷ್ಟೇ ಉಳಿಸಿ. ಮೂಲ ಫೈಲ್ ಮಾತ್ರ ಮೇಲ್ಮನವಿಗಳೆಲ್ಲ ಮುಗಿಯುವ ತನಕ ಪೆನ್‌ಡ್ರೈವ್‌ನಲ್ಲಿ ಇರಲಿ.